ತೋಫು ಗುಜರಾತಿಗೆ ಬಂದ ಎರಡು ದಾರಿಗಳು

ಗುಜರಾತಿಗೆ ಬಂದ ಕನ್ನಡಿಗರನ್ನು ಮೊದಮೊದಲು ತಬ್ಬಿಬ್ಬುಗೊಳಿಸುವ ಮಾತುಗಳಲ್ಲಿ ‘ಲಾರಿ’ ಎಂಬುದೂ ಒಂದು. ನಮಗೆ ಲಾರಿ ಎಂದರೆ ಸರಕು ಹೊರುವ ವಾಹನ, ಇಲ್ಲಿಯವರಿಗೆ ತಳ್ಳುಗಾಡಿ. ಅಹಮದಾಬಾದ್, ವಡೋದರಾ, ಸೂರತ್ ಈ ಮೂರರಲ್ಲಿ ಯಾವ ಊರಿನ ಯಾವ ಬಡಾವಣೆಗೇ ಹೋಗಲಿ, ದೀಪ ಹಚ್ಚುವ ಹೊತ್ತಿಗೆ ಒಂದು ‘ಚೈನೀಸ್ ಲಾರಿ’ ಬಂದು ನಿಂತಿರುತ್ತದೆ. ಅದರ ಹಲಗೆಯ ಮೇಲೆ ಹಕ್ಕಾ ನೂಡಲ್ಸ್, ಮಂಚೂರಿಯನ್, ಶೆಜ್ವಾನ್ ರೈಸ್, ಪನೀರ್ ಚಿಲ್ಲಿ, ಚೈನೀಸ್ ಭೇಳ್ ಎಂದು ಬರೆದಿರುತ್ತದೆ. ‘ಶೆಜ್ವಾನ್’ ಎಂಬುದು ಚೀನಾದ ನೈಋತ್ಯದ ಸಿಚುವಾನ್ ಪ್ರಾಂತದ ಹೆಸರಿನ ತಿರುಚಿದ ರೂಪ. ಆ ಪ್ರಾಂತದ ಅಡುಗೆಗಳಲ್ಲಿ ಜಗತ್ತಿಗೆಲ್ಲ ಪರಿಚಿತವಾದುದು ಒಂದು ಖಾರದ ತೋಫು. ಆದರೆ ಹಲಗೆಯಲ್ಲಿ ತೋಫುವಿನ ಸುಳಿವೇ ಇಲ್ಲ. ಅದು ಇರಬೇಕಾದ ಕಡೆಯಲ್ಲೆಲ್ಲ ಪನೀರು ಕುಳಿತಿದೆ.

ಗುಜರಾತ್ ಹಾಲಿನ ನಾಡು, ಸಸ್ಯಾಹಾರಿಗಳ ನಾಡು. ಪನೀರು ಇರುವಲ್ಲಿ ತೋಫು ಯಾರಿಗೆ ಬೇಕು ಎಂದು ನಾವೂ ಬಹುಕಾಲ ತಿಳಿದಿದ್ದೆವು. 1936ರಲ್ಲಿ ಬರೋಡದ ಸಂಸ್ಥಾನದ ಮುದ್ರಣಾಲಯದಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಪುಸ್ತಕದ ವಿಷಯ ಗೊತ್ತಾದ ಮೇಲೆ ಆ ತಿಳಿವಳಿಕೆ ಅಲುಗಾಡಿತು. ಚೈನೀಸ್ ಲಾರಿಗಳು ಬೀದಿಗಿಳಿಯುವ ದಶಕಗಳ ಮುಂಚೆಯೇ ಸೋಯಾ ಅವರೆ ಈ ನಾಡಿಗೆ ರಾಜಮರ್ಯಾದೆಯೊಂದಿಗೆ ಬಂದಿತ್ತು. ಅಂದರೆ ತೋಫುವಿನ ಕಾಳು ಒಂದು ದಾರಿಯಿಂದ ಬಂತು, ತೋಫುವಿನ ರುಚಿ ಇನ್ನೊಂದು ದಾರಿಯಿಂದ ಬಂತು. ಎರಡೂ ಒಂದೇ ಬಾಣಲೆಯಲ್ಲಿ ಸೇರಲಿಲ್ಲ. ಯಾಕೆ ಸೇರಲಿಲ್ಲ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಮೊದಲು ಆ ಖಾರದ ತೋಫುವಿನ ಮಾತು. ಅದರ ಹೆಸರು ಮಾಪೋ ದೋಫು. ಸಿಚುವಾನಿನ ರಾಜಧಾನಿ ಚೆಂಗ್ಡುವಿನ ಉತ್ತರಕ್ಕೆ ವಾನ್‌ಫು ಎಂಬ ಸೇತುವೆಯ ಬಳಿ 1862ರ ಸುಮಾರಿಗೆ ಚೆನ್ ಎಂಬ ಮನೆತನದ ಹೆಣ್ಣುಮಗಳೊಬ್ಬಳು ಊಟದ ಅಂಗಡಿ ನಡೆಸುತ್ತಿದ್ದಳಂತೆ. ಅವಳ ಮುಖದಲ್ಲಿ ಸಿಡುಬಿನ ಕಲೆಗಳಿದ್ದವು. ‘ಮಾಪೋ’ ಎಂದರೆ ಕಲೆಮುಖದ ಅಜ್ಜಿ. ಎಣ್ಣೆ ಹೊರುವ ಕೂಲಿಗಳು ಅವಳ ಗಿರಾಕಿಗಳು. ಅವರು ತಂದ ಎಣ್ಣೆಯಲ್ಲಿ, ಅಗ್ಗದ ತೋಫುವಿಗೆ ಚೂರು ಮಾಂಸ ಸೇರಿಸಿ, ಮೆಣಸಿನ ಖಾರವೂ ನಾಲಿಗೆ ಜುಮ್ಮೆನಿಸುವ ಒಂದು ಕಾಯಿಯ ಪುಡಿಯೂ ಬೀಳುವಂತೆ ಮಾಡಿಕೊಡುತ್ತಿದ್ದ ಅಡುಗೆ ಅದು. ಹೀಗೆ ಅದು ದುಡಿಯುವವರ ಹಸಿವಿಗೆ ಹುಟ್ಟಿದ ತಿನಿಸು. ಅದರ ಜೀವ ತೋಫುವಿನಲ್ಲಿಲ್ಲ, ಸುತ್ತಲಿನ ರಸದಲ್ಲಿದೆ. ತೋಫು ಆ ರಸವನ್ನು ಹಿಡಿದುಕೊಳ್ಳುವ ಮೆತ್ತನೆಯ ಪಾತ್ರೆ ಮಾತ್ರ.

ಬರಿಯ ತೋಫುವಿಗೆ ಹೇಳಿಕೊಳ್ಳುವಂಥ ರುಚಿಯಿಲ್ಲ ಎಂಬುದನ್ನು ಚೀನೀಯರು ನಮಗಿಂತ ಚೆನ್ನಾಗಿ ಬಲ್ಲರು. ಸೋಯಾ ಕಾಳಿನ ಸಮಸ್ಯೆ ಅವರಿಗೂ ಹಳೆಯದೇ. ಪ್ರಾಚೀನ ಚೀನಾದಲ್ಲಿ ಸೋಯಾವನ್ನು ಧಾನ್ಯದಂತೆ ಬೇಯಿಸಿ ಅನ್ನವಾಗಿಯೋ ಗಂಜಿಯಾಗಿಯೋ ಉಣ್ಣುತ್ತಿದ್ದರು. ಅದು ಬಡವರ ಒರಟು ಊಟವೆನಿಸಿತ್ತು. ಎಷ್ಟು ಬೇಯಿಸಿದರೂ ತೊಗರಿಯ ಹಾಗೆ ಕರಗದು, ಹಸಿ ವಾಸನೆ ಬಿಡದು, ಹೊಟ್ಟೆಯಲ್ಲಿ ವಾಯು ತುಂಬುವುದು. ಆ ಕಾಳನ್ನು ಮನುಷ್ಯರು ಸುಖವಾಗಿ ಉಣ್ಣುವಂತಾದದ್ದು ಎರಡು ಉಪಾಯಗಳಿಂದ. ಒಂದು, ಹುದುಗಿಸಿ ಸೋಯಾ ಸಾಸ್, ಹುಳಿಬಂದ ಕಾಳು, ಮೆಣಸಿನ ಲೇಹ ಮುಂತಾದವನ್ನು ಮಾಡುವುದು. ಇನ್ನೊಂದು, ನೆನೆಸಿ, ರುಬ್ಬಿ, ಕುದಿಸಿ, ಸೋಸಿ, ಬಂದ ಹಾಲನ್ನು ಒಡೆಯುವುದು. ಎರಡನೆಯದೇ ತೋಫು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಹುವಾಯ್‌ನಾನ್‌ನ ರಾಜಕುಮಾರ ಲ್ಯೂ ಆನ್ ಅದನ್ನು ಕಂಡುಹಿಡಿದನೆಂಬುದು ಐತಿಹ್ಯ. ಹೆನಾನ್ ಪ್ರಾಂತದ ದಾಹುತಿಂಗ್ ಎಂಬಲ್ಲಿಯ ಹಾನ್ ಕಾಲದ ಸಮಾಧಿಯೊಂದರ ಚಿತ್ರದಲ್ಲಿ ತೋಫು ಮಾಡುವ ದೃಶ್ಯವಿದೆಯೆಂದು ಕೆಲವರೂ, ಅದು ಹೆಂಡ ಮಾಡುವ ದೃಶ್ಯವೆಂದು ಕೆಲವರೂ ವಾದಿಸಿದ್ದಾರೆ. ಸಂಶಯವಿಲ್ಲದ ಬರಹದ ಸಾಕ್ಷ್ಯ ಸಿಗುವುದು ಹತ್ತನೆಯ ಶತಮಾನದಲ್ಲಿ. ಉತ್ತರದ ಪಶುಪಾಲಕ ಜನರು ಹಾಲನ್ನು ಗಟ್ಟಿಮಾಡುವುದನ್ನು ನೋಡಿ ಚೀನೀಯರು ಸೋಯಾ ಹಾಲಿನ ಮೇಲೂ ಅದೇ ಕೈಚಳಕ ನಡೆಸಿರಬೇಕೆಂಬ ಊಹೆಯೂ ಇದೆ. ಊಹೆ ನಿಜವಾದರೆ ತೋಫು ಪನೀರಿನ ದೂರದ ತಂಗಿಯಾದೀತು.

ಹಾಲು ಒಡೆಯುವುದೆಂದರೆ ನಮ್ಮ ಮನೆಗಳಲ್ಲಿ ಅಪಶಕುನ. ‘ಹಾಲು ಒಡೆಯಿತು’ ಎನ್ನುವಾಗ ಧ್ವನಿಯೇ ಬೇರೆಯಾಗುತ್ತದೆ. ಬೇಕೆಂದೇ ಹಾಲು ಒಡೆಯುವುದನ್ನು ಭಾರತೀಯರು, ಅದರಲ್ಲೂ ಬಂಗಾಳದವರು, ಪೋರ್ಚುಗೀಸರಿಂದ ಕಲಿತರೆಂಬ ಮಾತು ಆಹಾರದ ಇತಿಹಾಸಗಳಲ್ಲಿ ಬಹಳ ಓಡಾಡಿದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಅವರೂ ಅದನ್ನು ಮುಂದಿಟ್ಟವರೇ. ಆದರೆ 1025ರ ಸುಮಾರಿನ ಕನ್ನಡ ಗ್ರಂಥ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಹರಿವೆ ಜಾತಿಯ ಗಿಡದ ಬೇರಿನಿಂದಲೂ, ಜವುಗು ನೆಲದ ಒಂದು ಗಿಡದ ಎಲೆಯಿಂದಲೂ ಹಾಲನ್ನು ಗಟ್ಟಿಮಾಡುವ ಕ್ರಮ ಹೇಳಿದ್ದಾನೆ. ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕಾದ ಹಾಲಿಗೆ ಹುಳಿ ಬೆರೆಸಿ, ಒಡೆದ ಗಟ್ಟಿಯನ್ನು ಬೇರ್ಪಡಿಸಿ, ಅದರಿಂದ ಸಿಹಿ ಮಾಡುವ ವಿವರವಿದೆ. ಪೋರ್ಚುಗೀಸರ ಹಡಗು ಇನ್ನೂ ನಾಲ್ಕು ಶತಮಾನ ದೂರವಿತ್ತು. ನಮ್ಮ ಓದುಗರು ಇದನ್ನು ನೆರೆಯ ಬಂಗಾಳಿಗಳೊಂದಿಗೆ ವಾದ ಗೆಲ್ಲಲು ಬಳಸಿದರೆ ನಮ್ಮ ಆಕ್ಷೇಪವಿಲ್ಲ. ಇಲ್ಲಿ ನಮಗೆ ಬೇಕಾದ ಅಂಶ ಇಷ್ಟೇ: ಹಾಲನ್ನು ಒಡೆದು ಗಟ್ಟಿಮಾಡುವ ಜ್ಞಾನ ಈ ನೆಲಕ್ಕೆ ಹೊಸದಲ್ಲ. ಗಿಣ್ಣು ತಿಂದು ಬೆಳೆದ ಯಾರಿಗೂ ಎಳೆಯ ತೋಫುವಿನ ನಡುಕ ಅಪರಿಚಿತವೆನಿಸದು.

ಸೂರತ್ತಿನಲ್ಲಿ ಈ ಪರಿಚಯ ಇನ್ನೂ ಗಾಢ. ಅಲ್ಲಿಯ ಪಾರ್ಸಿಗಳ ‘ಟೋಪಲಿ ಪನೀರ್’ ನೋಡಿದವರು ಅದನ್ನು ತೋಫು ಎಂದೇ ತಪ್ಪು ತಿಳಿಯಬಹುದು. ಟೋಪಲಿ ಎಂದರೆ ಬುಟ್ಟಿ. ಚಿಕ್ಕ ಬುಟ್ಟಿಗಳಲ್ಲಿ ಎಮ್ಮೆಯ ಹಾಲಿನ ಮೆತ್ತನೆಯ ಗಟ್ಟಿಯನ್ನು ಇಳಿಸಿ, ಒತ್ತದೆ, ಅದರದೇ ಉಪ್ಪು ನೀರಿನಲ್ಲಿ ತೇಲಬಿಡುತ್ತಾರೆ. ಮದುವೆ ಮುಂಜಿಗಳಲ್ಲಿ ಅದಕ್ಕೆ ವಿಶೇಷ ಬೇಡಿಕೆ. ಹಿಂದೆ ಅದನ್ನು ಹೆಪ್ಪುಗಟ್ಟಿಸುತ್ತಿದ್ದದ್ದು ಎಳೆಯ ಪಶುವಿನ ಜಠರದಿಂದ ತೆಗೆದ ವಸ್ತುವಿನಿಂದಾದ್ದರಿಂದ ಕಟ್ಟಾ ಸಸ್ಯಾಹಾರಿಗಳು ದೂರವಿದ್ದರು. ಸೂರತ್ತಿನ ಈ ಪನೀರು ನೀರಿನಲ್ಲಿ ತೇಲುವುದನ್ನೂ, ಚೀನೀ ಅಂಗಡಿಯ ತೋಫು ನೀರಿನಲ್ಲಿ ತೇಲುವುದನ್ನೂ ಒಟ್ಟಿಗೆ ನೆನೆದರೆ ಒಂದು ಪ್ರಶ್ನೆ ಏಳುತ್ತದೆ. ಸೂರತ್ತಿಗೆ ಚೀನಾದ ನಂಟು ಇಲ್ಲದಿರಲಿಲ್ಲ. 1756ರಲ್ಲಿ ಪಾರ್ಸಿ ವರ್ತಕ ಹೀರ್ಜಿ ಜೀವಂಜಿ ರೆಡಿಮನಿ ಕ್ಯಾಂಟನ್ನಿಗೆ ಹೋದ. ಮುಂದೆ ನೂರು ವರ್ಷ ಪಶ್ಚಿಮ ಭಾರತದ ಹತ್ತಿಯೂ ಅಫೀಮೂ ಆ ದಾರಿಯಲ್ಲಿ ಸಾಗಿದವು. ಚಹಾ, ರೇಷ್ಮೆ, ಪಿಂಗಾಣಿ ಮರಳಿ ಬಂದವು. ಚೀನೀ ಕಸೂತಿಯ ‘ಗಾರಾ’ ಸೀರೆ ಬಂತು. ಚೀನೀ ಗುರುವಿನ ಬಳಿ ನೇಯ್ಗೆ ಕಲಿತು ಬಂದ ಮೂವರಿಂದ ಸೂರತ್ತಿನ ‘ತಂಚೋಯಿ’ಗೆ ಆ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ಉಡುವುದು, ಕುಡಿಯುವುದು, ಬಡಿಸುವ ತಟ್ಟೆ ಎಲ್ಲವೂ ಬಂದವು. ತಟ್ಟೆಯೊಳಗಿನದು ಬರಲಿಲ್ಲ. ವ್ಯಾಪಾರಿ ತರುವುದು ಕೊಳೆಯದ ಸರಕನ್ನು; ತೋಫು ಎರಡನೆಯ ದಿನಕ್ಕೆ ಹುಳಿಯುತ್ತದೆ. ಅದನ್ನು ತರಬೇಕಾದರೆ ಮಾಡಬಲ್ಲ ಕೈಗಳೇ ಬಂದು ನೆಲೆಸಬೇಕು. ಅಂಥವರು ನೆಲೆಸಿದ್ದು ಕೋಲ್ಕತ್ತದಲ್ಲಿ.

ಅಹಮದಾಬಾದಿಗೂ ಇಂಥದೇ ಒಂದು ಕೈತಪ್ಪಿದ ನಂಟು ಉಂಟು. ಚೀನಾದ ಉತ್ತರ ಭಾಗದಲ್ಲೂ ಜಪಾನಿನಲ್ಲೂ ಸೋಯಾ ಹಾಲು ಒಡೆಯಲು ಬಳಸುವುದು ಸಮುದ್ರದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರನ್ನು. ಅದರ ಮುಖ್ಯ ಸತ್ವ ಮೆಗ್ನೀಷಿಯಂ ಕ್ಲೋರೈಡ್. ಭಾರತದ ಉಪ್ಪಿನ ಬಹುಪಾಲು ಗುಜರಾತಿನದು. ಅಹಮದಾಬಾದಿನ ಪಶ್ಚಿಮಕ್ಕೆ ಚಿಕ್ಕ ರಣದ ಅಂಚಿನ ಖಾರಾಘೋಡದಲ್ಲಿ ಬ್ರಿಟಿಷರ ಕಾಲದಿಂದಲೂ ಉಪ್ಪಿನ ಮಡಿಗಳಿವೆ. ಮೊದಲ ಮಹಾಯುದ್ಧದ ಕಾಲದಿಂದ ಅಲ್ಲಿಯ ಕಹಿ ನೀರಿನಿಂದ ಮೆಗ್ನೀಷಿಯಂ ಕ್ಲೋರೈಡ್ ತಯಾರಾಗತೊಡಗಿತು. ಅದು ಹೋದದ್ದು ಬಟ್ಟೆ ಗಿರಣಿಗಳಿಗೆ. ಗಾಳಿಯ ತೇವ ಹೀರುವ ಗುಣವಿದ್ದುದರಿಂದ ಹಾಸು ನೂಲಿಗೆ ಹಚ್ಚುವ ಗಂಜಿಗೆ ಅದನ್ನು ಬೆರೆಸಿದರೆ ಒಣ ಸೆಕೆಯಲ್ಲೂ ನೂಲು ಸಿಡಿಯುತ್ತಿರಲಿಲ್ಲ. ಟೋಕಿಯೋದಲ್ಲಿ ತೋಫು ಕಟ್ಟಿದ ಉಪ್ಪು ಇಲ್ಲಿ ಧೋತರದ ನೂಲು ಕಾಯಿತು.

ಇನ್ನು ಬರೋಡದ ಪುಸ್ತಕಕ್ಕೆ ಬರೋಣ. ಬರೋಡವೂ ಮೈಸೂರೂ ಆ ಕಾಲದ ಮಾದರಿ ಸಂಸ್ಥಾನಗಳು. ಒಂದರ ದಿವಾನರು ಮಾಡಿದ್ದನ್ನು ಇನ್ನೊಂದರವರು ಗಮನಿಸುತ್ತಿದ್ದ ಕಾಲ ಅದು. ಮೂರನೆಯ ಸಯಾಜಿರಾವ್ ಗಾಯಕವಾಡರು 1875ರಿಂದ 1939ರವರೆಗೆ ಆಳಿದರು. 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದವರು, ಹಳ್ಳಿಗಳಿಗೆ ಗ್ರಂಥಾಲಯ ಒಯ್ದವರು. ಪ್ರಜೆಗಳು ಏನು ಓದಬೇಕೆಂದು ಯೋಚಿಸಿದ ಸರ್ಕಾರ ಏನು ಉಣ್ಣುತ್ತಾರೆಂದೂ ವಿಚಾರಿಸತೊಡಗಿತು. ಅದಕ್ಕಾಗಿ ಒಂದು ಆಹಾರ ಸಮೀಕ್ಷಾ ಕಚೇರಿ ಇತ್ತು. ಅದರ ಅಧಿಕಾರಿ ಎಫ್.ಎಸ್. ಕಾಳೆ ಬರೆದದ್ದೇ ಸೋಯಾ ಅವರೆಯ ಪೋಷಕಾಂಶ, ಬೇಸಾಯ, ಉಪಯೋಗಗಳನ್ನು ಕುರಿತ ಆ ಗ್ರಂಥ. 1937ರಲ್ಲೇ ಅದರ ಎರಡನೆಯ ಮುದ್ರಣ ಬಂತು. ಅದರಲ್ಲಿ ಕಾಳಿನ ಚರಿತ್ರೆಯಿಂದ ಹಿಡಿದು ಸೋಯಾ ಹಾಲಿನವರೆಗೆ ಎಲ್ಲವೂ ಇದೆ. ಕೊನೆಗೆ ಮುನ್ನೂರು ಅಡುಗೆಗಳೂ ಇವೆ. ಅಂದರೆ 1936ರ ಬರೋಡದಲ್ಲಿ, ಓದುಬರಹ ಬಲ್ಲ ಒಬ್ಬ ಗೃಹಿಣಿ ಬಯಸಿದ್ದರೆ, ಸೋಯಾ ಅಡುಗೆ ಮಾಡಲು ಬೇಕಾದ ಸೂಚನೆಗಳು ಅವಳ ಊರಿನಲ್ಲೇ ಅಚ್ಚಾಗಿದ್ದವು.

ಆ ಕಚೇರಿಯ ಕೀರ್ತಿ ಬರೋಡದಲ್ಲೇ ನಿಲ್ಲಲಿಲ್ಲ. 1935ರಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಸೋಯಾ ಅವರೆಯನ್ನು ಕುರಿತು ಬರೆದಾಗ ಆಧಾರವಾಗಿ ಬಳಸಿದ್ದು ಬರೋಡದ ಆಹಾರ ಸಮೀಕ್ಷಾ ಕಚೇರಿ ಹೊರಡಿಸಿದ ಕರಪತ್ರವನ್ನು. ವಾರ್ಧಾದ ಮಗನವಾಡಿಯಲ್ಲಿ ಆಗ ಆಶ್ರಮವಾಸಿಗಳ ಊಟದಲ್ಲಿ ಸೋಯಾದ ಪ್ರಯೋಗ ನಡೆಯಿತು. ಗಾಂಧೀಜಿಗೆ ಇದು ಕೇವಲ ಅಗ್ಗದ ಪ್ರೋಟೀನಿನ ಲೆಕ್ಕವಾಗಿರಲಿಲ್ಲ, ಅದರ ಹಿಂದೆ ಅವರದೇ ಒಂದು ಹಳೆಯ ಸಂಕಟವಿತ್ತು. 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅವರು ಹಾಲು ಬಿಟ್ಟಿದ್ದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯ ಸೇರಿಸುವ ಓಡಾಟದಲ್ಲಿ ಆಮಶಂಕೆಯಿಂದ ಹಾಸಿಗೆ ಹಿಡಿದರು. ಅಹಮದಾಬಾದಿಗೆ ತಂದು ಆರೈಕೆ ಮಾಡಬೇಕಾಯಿತು. ಹಾಲಿಲ್ಲದೆ ಚೇತರಿಸುವಂತಿಲ್ಲವೆಂದರು ವೈದ್ಯರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆ ಮಾತ್ರವಲ್ಲವೇ ಎಂದು ಕಸ್ತೂರಬಾ ದಾರಿ ತೋರಿದರು. ಅವರು ಆಡಿನ ಹಾಲು ಕುಡಿದರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಕೊರಗನ್ನು ಆತ್ಮಕಥೆಯಲ್ಲಿ ಬರೆದುಕೊಂಡರು. ಹಾಲಿಗೆ ಸಮನಾದ ಸಸ್ಯಮೂಲದ ವಸ್ತುವನ್ನು ಸ್ವಾನುಭವದಿಂದ ಬಲ್ಲವರಿದ್ದರೆ ತಿಳಿಸಿ ಎಂದೂ ಅದೇ ಪುಸ್ತಕದಲ್ಲಿ ಕೇಳಿಕೊಂಡಿದ್ದಾರೆ. ಸಾವಿರ ವರ್ಷಗಳಿಂದ ಕಾಳಿನ ಹಾಲು ಹಿಂಡಿ ಉಣ್ಣುತ್ತಿದ್ದ ನೆರೆಯ ದೇಶವೊಂದು ಇತ್ತು ಎಂಬುದನ್ನು ನೆನೆದಾಗ ಆ ಸಾಲುಗಳು ನಮ್ಮನ್ನು ಬೇರೆಯ ರೀತಿಯಲ್ಲಿ ತಟ್ಟುತ್ತವೆ.

ಇಷ್ಟೆಲ್ಲ ಬಲವಿದ್ದೂ ಸೋಯಾ ಗುಜರಾತಿನ ಅಡುಗೆಮನೆಗೆ ಇಳಿಯಲಿಲ್ಲ. ಕಾರಣಗಳಲ್ಲಿ ಒಂದು ವಿಜ್ಞಾನದ್ದು. ಕೂನೂರಿನ ಪೌಷ್ಟಿಕತಾ ಸಂಶೋಧನಾಲಯದ ನಿರ್ದೇಶಕ ಡಬ್ಲ್ಯು.ಆರ್. ಎಕ್ರಾಯ್ಡ್ ಮತ್ತು ಸಂಗಡಿಗರು 1937ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಬಡವರ ಅನ್ನದೂಟಕ್ಕೆ ಪೂರಕವಾಗಿ ಕೆನೆ ತೆಗೆದ ಹಾಲು ಕೊಟ್ಟಷ್ಟು ಫಲವನ್ನು ಸೋಯಾ ಕೊಡಲಿಲ್ಲ. ನಮ್ಮ ಬೇಳೆಗಳಿಗಿಂತ ಅದು ಹೆಚ್ಚೇನೂ ಮೇಲಲ್ಲ ಎಂದಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಅವರ ತಂಡ 1940ರ ದಶಕದಲ್ಲಿ ಸೋಯಾ ಹಾಲಿನ ಮೇಲೆ ಕೆಲಸ ಮಾಡಿ ಅದನ್ನು ರುಚಿಕರವಾಗಿಸುವ, ಜೀರ್ಣಕ್ಕೆ ಸುಲಭವಾಗಿಸುವ ದಾರಿ ಹುಡುಕಿತು. ಅದೇ ಸುಬ್ರಹ್ಮಣ್ಯನ್ 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಅಲ್ಲಿಯ ಗಮನ ಸೋಯಾಕ್ಕಿಂತ ನಮ್ಮ ಹೊಲದ ಕಡಲೆಕಾಯಿಯ ಮೇಲೆ ಹೆಚ್ಚಾಗಿ ಹರಿಯಿತು. ಅದರಿಂದ ‘ಮಿಲ್ಟೋನ್’ನಂಥ ಹಾಲುಗಳು ಹುಟ್ಟಿದವು. ಅದು ಬೇರೆಯೇ ಕಥೆ.

ಎರಡನೆಯ ಕಾರಣ ನಮ್ಮ ಅಭಿಪ್ರಾಯದಲ್ಲಿ ಇನ್ನೂ ದೊಡ್ಡದು. ಆ ಕಾಲದ ಎಲ್ಲ ಉತ್ಸಾಹದಲ್ಲೂ ಸೋಯಾವನ್ನು ತೂಗಿದ್ದು ಪ್ರೋಟೀನಿನ ತಕ್ಕಡಿಯಲ್ಲಿ. ನೂರಕ್ಕೆ ಸುಮಾರು 40 ಪಾಲು ಪ್ರೋಟೀನು, ತೊಗರಿಬೇಳೆಯ ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ಜನ ಉಣ್ಣಬೇಕು. ಕಾಳು ಬಂತು, ಅದರೊಂದಿಗೆ ಅಡುಗೆಯವನು ಬರಲಿಲ್ಲ. ಹುದುಗಿನ ಭರಣಿಗಳು ಬರಲಿಲ್ಲ, ತೋಫು ಕಟ್ಟುವ ಬೀದಿಯಂಗಡಿ ಬರಲಿಲ್ಲ. ಚೀನೀಯರು ಯಾವುದರಿಂದ ಪಾರಾಗಲು ತೋಫು ಕಟ್ಟಿದರೋ ಆ ಬೇಯಿಸಿದ ಒರಟು ಕಾಳನ್ನೇ ನಾವು ಆರಂಭದ ಮೆಟ್ಟಿಲಾಗಿ ಹಿಡಿದೆವು. ಭಾರತದಲ್ಲೇ ಸೋಯಾವನ್ನು ರುಚಿಯಾಗಿ ಉಣ್ಣಬಲ್ಲವರು ಇದ್ದರು: ಮಣಿಪುರದ ಹವಾಯ್‌ಜಾರ್, ನಾಗಾಲ್ಯಾಂಡಿನ ಅಖುನಿ, ಸಿಕ್ಕಿಮಿನ ಕಿನೆಮಾ, ಎಲ್ಲವೂ ಹುದುಗಿದ ಸೋಯಾ. ಅವರ ಅಡುಗೆ ಬಯಲುಸೀಮೆಯ ಅಧಿಕಾರಿಗಳ ಊಟದ ಮೇಜಿಗೆ ತಲುಪಲಿಲ್ಲ. ಬಡವರಿಗೆ ಏನು ಪುಷ್ಟಿಯೆಂದು ನಿರ್ಧರಿಸುವವರು ಬಡವರಿಗೂ ನಾಲಿಗೆ ಇದೆಯೆಂಬುದನ್ನು ಮರೆಯುವುದು ಆಗಲೂ ಇತ್ತು, ಈಗಲೂ ಶಾಲೆಯ ಬಿಸಿಯೂಟದ ಚರ್ಚೆಗಳಲ್ಲಿ ಕಾಣುತ್ತೇವೆ.

ಆಮೇಲೆ ಹಾಲು ಗೆದ್ದಿತು. ಅಹಮದಾಬಾದಿಗೂ ವಡೋದರೆಗೂ ನಡುವಿನ ಆಣಂದದಲ್ಲಿ 1946ರಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘ ಹುಟ್ಟಿತು. ಗಾಂಧೀಜಿ ಹಾಲಿಗೆ ಬದಲಿ ಹುಡುಕುತ್ತ ಕಾಯಿಲೆ ಬಿದ್ದ ಅದೇ ಖೇಡಾ! ಎಮ್ಮೆಯ ಹಾಲಿನಿಂದ ಹಾಲಿನ ಪುಡಿಯಾಗದೆಂಬ ಮಾತನ್ನು ಎಚ್.ಎಂ. ದಲಾಯ 1955ರ ಹೊತ್ತಿಗೆ ಸುಳ್ಳುಮಾಡಿದರು. 1970ರಲ್ಲಿ ಕ್ಷೀರಧಾರಾ ಯೋಜನೆ ಶುರುವಾಯಿತು. ಕ್ರಮೇಣ ಪನೀರು ಪೊಟ್ಟಣದಲ್ಲಿ ಊರೂರಿಗೂ ಹೋಯಿತು. ಸೋಯಾವೂ ಬಾರದಿರಲಿಲ್ಲ: ಬಂದದ್ದು ಎಣ್ಣೆಯಾಗಿ, ಹಿಂಡಿ ಕೋಳಿ ದನಗಳ ಪಾಲಾಯಿತು. ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ, ನಮ್ಮ ಕಡೆ ‘ಮೀಲ್ ಮೇಕರ್’ ಎಂದೇ ಕರೆಯುವ ಒಣ ಉಂಡೆಗಳು ಹಾಸ್ಟೆಲಿನ ಪಲಾವಿಗೆ ಬಿದ್ದವು. ತೋಫು ಅಂಗಡಿಗೆ ಬಂದಾಗಲೂ ಸ್ವಂತ ಹೆಸರಿನಲ್ಲಿ ಬರಲಿಲ್ಲ, ‘ಸೋಯಾ ಪನೀರ್’ ಎಂಬ ಎರವಲು ಹೆಸರಿನಲ್ಲಿ ಬಂತು. ಎರವಲು ಹೆಸರಿನವರಿಗೆ ಯಾವಾಗಲೂ ಮೂಲದವರೊಂದಿಗೆ ಹೋಲಿಕೆಯ ಕಾಟ. ಪನೀರಿನ ಹಾಗೆ ಹುರಿದು ಮಖನಿಯಲ್ಲಿ ಹಾಕಿದರೆ ತೋಫು ಸೋಲುವುದು ಖಂಡಿತ.

ಇನ್ನು ರುಚಿ ಬಂದ ದಾರಿ. ಅಡುಗೆ ಬಲ್ಲ ಚೀನೀ ಕುಟುಂಬಗಳು ಹದಿನೆಂಟನೆಯ ಶತಮಾನದ ಕೊನೆಯಿಂದ ಕೋಲ್ಕತ್ತದಲ್ಲಿ ನೆಲೆಸಿದ್ದವು; ಲಾರಿಯ ಹಲಗೆಯ ‘ಹಕ್ಕಾ’ ಅವರಲ್ಲೊಂದು ಸಮುದಾಯದ ಹೆಸರು. 1962ರ ಯುದ್ಧದ ಸಮಯದಲ್ಲಿ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹಲವರು ಭಾರತದಲ್ಲೇ ಹುಟ್ಟಿದವರು, ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಬಿಡುಗಡೆಯಾದ ಮೇಲೆ ಮನೆ, ಅಂಗಡಿ ಕಳೆದುಕೊಂಡ ಬಹಳಷ್ಟು ಮಂದಿ ದೇಶ ಬಿಟ್ಟರು. ಉಳಿದವರಲ್ಲಿ ಅನೇಕರಿಗೆ ಹೋಟೆಲು, ಸೌಂದರ್ಯಗೃಹ, ಚರ್ಮದ ಕೆಲಸಗಳೇ ಆಸರೆಯಾದವು. ತೋಫು ಕಟ್ಟುವ ಕೈಗಳು ದೇಶದೊಳಗೆ ಹರಡಬಹುದಾಗಿದ್ದ ಕಾಲದಲ್ಲೇ ಚದುರಿದವು. ಅತ್ತ ಸಿಚುವಾನಿನ ಹೆಸರು ಮಾತ್ರ ಮುಂಬಯಿಯ ಹೋಟೆಲುಗಳ ಮೂಲಕ ಪಶ್ಚಿಮಕ್ಕೆ ಬಂತು. 1975ರಲ್ಲಿ ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲ ಮಂಚೂರಿಯನ್ ಮಾಡಿದರೆಂಬುದು ಪ್ರಸಿದ್ಧ ಕಥೆ. ಕೋಳಿಯ ಜಾಗದಲ್ಲಿ ಹೂಕೋಸು ಬಿದ್ದು ಅದು ನಮ್ಮ ಗೋಬಿ ಮಂಚೂರಿಯಾಯಿತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದರ ಕೃತಕ ಬಣ್ಣವನ್ನು ನಿಷೇಧಿಸಬೇಕಾಗುವಷ್ಟು ಅದು ನಮ್ಮದಾಯಿತು.

ಗುಜರಾತಿನಲ್ಲಿ ಅದೇ ತಿನಿಸು ಇನ್ನೊಂದು ಸೋಸಣಿಗೆಯಿಂದ ಹಾದುಹೋಯಿತು. ‘ಜೈನ್ ಮಂಚೂರಿಯನ್’ ಎಂದು ಕೇಳಿದರೆ ಲಾರಿಯವನು ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಮಾಡಿಕೊಡುತ್ತಾನೆ. ಇದನ್ನು ಕಂಡು ನಕ್ಕವರಿದ್ದಾರೆ: ಬೆಳ್ಳುಳ್ಳಿಯಿಲ್ಲದ ಚೈನೀಸ್ ಎಂಥದು! ಆದರೆ ಚೀನಾದ ಬೌದ್ಧ ವಿಹಾರಗಳ ಅಡುಗೆಯಲ್ಲೂ ಬೆಳ್ಳುಳ್ಳಿ, ಈರುಳ್ಳಿ ವರ್ಗಗಳು ನಿಷಿದ್ಧ. ಅವರ ಐದು ನಿಷಿದ್ಧ ಘಾಟುಗಳ ಪಟ್ಟಿಯಲ್ಲಿ ಇಂಗೂ ಇದೆ. ಜೈನ ಅಡುಗೆಯಲ್ಲಿ ಈರುಳ್ಳಿಯ ಸ್ಥಾನ ತುಂಬುವುದೇ ಇಂಗು. ಚೀನೀ ಭಿಕ್ಷುವೂ ಅಹಮದಾಬಾದಿನ ಶ್ರಾವಕನೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಜಗಳವಾಗುವುದು ಇಂಗಿನ ಒಂದು ಚಿಟಿಕೆಗೆ. ಅಣಬೆಯೂ ಜೈನರಿಗೆ ಸಲ್ಲದು. ದಿನಗಟ್ಟಲೆ ಮಾಗಿದ ಉಪ್ಪಿನಕಾಯಿ ಅವರ ಅಭಕ್ಷ್ಯಗಳ ಪಟ್ಟಿಯಲ್ಲಿದೆ. ಸಿಚುವಾನಿನ ರುಚಿಯ ಬೇರಾದರೋ ವರ್ಷಗಟ್ಟಲೆ ಬಿಸಿಲಿನಲ್ಲಿ ಮಾಗಿದ ಮೆಣಸು-ಅವರೆಯ ಲೇಹ. ಅದಿಲ್ಲದೆ ಕೆಂಪು ಮೆಣಸು, ಸಕ್ಕರೆ, ವಿನಿಗರಿನಿಂದ ಮಾಡಿದ ಕೆಂಪು ಚಟ್ನಿಯೇ ‘ಶೆಜ್ವಾನ್’ ಆಯಿತು. ಅದನ್ನು ಕಲಬೆರಕೆ ಎಂದು ತೆಗಳುವ ಮನಸ್ಸು ನಮಗಿಲ್ಲ. ಮಾಪೋ ಅಜ್ಜಿಯೂ ಕೈಗೆ ಸಿಕ್ಕಿದ್ದರಲ್ಲೇ ಮಾಡಿದವಳು.

ಆದರೂ ಆ ಚಟ್ನಿಯಲ್ಲಿ ಒಂದು ಮುಖ್ಯ ವಸ್ತು ಇಲ್ಲವೇ ಇಲ್ಲ: ನಾಲಿಗೆಯನ್ನು ಜುಮ್ಮೆನಿಸುವ ಕಾಯಿ. ಚೀನೀ ಭಾಷೆಯಲ್ಲಿ ಅದಕ್ಕೆ ಹುವಾಜ್ಯಾವ್. ಸಿಚುವಾನಿನ ಅಡುಗೆಯನ್ನು ‘ಮಾ’ ಮತ್ತು ‘ಲಾ’ ಎಂಬ ಎರಡು ಮಾತುಗಳಲ್ಲಿ ಹೇಳುವುದುಂಟು. ಲಾ ಎಂದರೆ ಖಾರ. ಮಾ ಎಂದರೆ ಜುಮ್ಮುಹಿಡಿಯುವುದು. ಆ ಕಾಯಿ ತುಟಿಗೆ ತಾಗಿದಾಗ ಸೆಕೆಂಡಿಗೆ ಸುಮಾರು 50 ಬಾರಿ ಅದುರುವಂಥ ಅನುಭವವಾಗುತ್ತದೆಂದು ಲಂಡನ್ನಿನ ಸಂಶೋಧಕರು 2013ರಲ್ಲಿ ಅಳೆದು ಹೇಳಿದ್ದಾರೆ. ಇದನ್ನು ಓದಿದಾಗ ಶಿರಸಿ, ಕುಮಟೆ ಕಡೆಯ ನಮ್ಮ ಓದುಗರು ಮುಗುಳ್ನಗುತ್ತಾರೆ. ಹುವಾಜ್ಯಾವ್‌ನ ಹತ್ತಿರದ ಸಂಬಂಧಿ ಪಶ್ಚಿಮ ಘಟ್ಟದ ಕಾಡಿನಲ್ಲಿ, ಮೈತುಂಬ ಮುಳ್ಳಿರುವ ಮರದಲ್ಲಿ, ಗೊಂಚಲು ಗೊಂಚಲಾಗಿ ಬಿಡುತ್ತದೆ. ಕೊಂಕಣಿಗರು ಅದನ್ನು ತೆಪ್ಪಲ, ತಿರ್ಫಳ ಎನ್ನುತ್ತಾರೆ. ಮೀನಿನ ಸಾರಿಗೆ ಹಾಕುತ್ತಾರೆ. ಕನ್ನಡದಲ್ಲಿ ಅದರ ಹೆಸರು ಜುಮ್ಮನಕಾಯಿ. ಚೀನೀಯರು ‘ಮಾ’ ಎಂದು ಹೆಸರಿಟ್ಟ ಅನುಭವವನ್ನೇ ನಮ್ಮವರು ಕಾಯಿಯ ಹೆಸರಾಗಿಸಿದ್ದಾರೆ. ಸಿಚುವಾನಿನ ಅಡುಗೆಗೆ ಗುಜರಾತಿನಲ್ಲಿ ಸಿಗದ ಕೊಂಡಿ ಕನ್ನಡಿಗರ ಡಬ್ಬಿಯಲ್ಲಿದೆ.

ಹೀಗಾಗಿ ನಾವು ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಕಾಲು ಕಿಲೋ ಸೋಯಾ ಕಾಳನ್ನು ರಾತ್ರಿ ನೆನೆಸಿ (ಅಹಮದಾಬಾದಿನ ಮೇ ತಿಂಗಳಲ್ಲಿ ಹೊರಗಿಟ್ಟರೆ ಬೆಳಗಾಗುವುದರೊಳಗೆ ಹುಳಿಯುತ್ತದೆ, ತಂಪುಪೆಟ್ಟಿಗೆಯಲ್ಲಿಡಬೇಕು), ನುಣ್ಣಗೆ ರುಬ್ಬಿ, ಸುಮಾರು ಎರಡು ಲೀಟರು ನೀರಿನಲ್ಲಿ ಬೆರೆಸಿ ಬಟ್ಟೆಯಲ್ಲಿ ಹಿಂಡಬೇಕು. ಚರಟವನ್ನು ಎಸೆಯಬಾರದು. ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಬೇಕು. ಕುದಿತ ಕಡಿಮೆಯಾದರೆ ಹಸಿ ವಾಸನೆಯೂ ಉಳಿಯುತ್ತದೆ, ಜೀರ್ಣಕ್ಕೆ ಅಡ್ಡಿಯಾಗುವ ಅಂಶವೂ ಉಳಿಯುತ್ತದೆ. ಹಿಂದಿನವರು ಸೋಯಾದ ಮೇಲೆ ಹೊರಿಸಿದ ದೂರುಗಳಲ್ಲಿ ಅರ್ಧ ಈ ಅರೆಬೆಂದ ಕಾಳಿನದು. ಒಲೆಯಿಂದಿಳಿಸಿ ಸ್ವಲ್ಪ ಆರಿದ ಮೇಲೆ, ಆಹಾರಕ್ಕೆ ಯೋಗ್ಯವಾದ ಮೆಗ್ನೀಷಿಯಂ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿ, ಇಲ್ಲವೆ ನಿಂಬೆರಸವನ್ನು, ಎರಡು ಮೂರು ಸಲಕ್ಕೆ ಸುರಿದು ಅಲುಗಿಸದೆ ಬಿಡಬೇಕು. ನಿಂಬೆಯದು ಕೊಂಚ ಪುಡಿಪುಡಿಯಾಗಿ ಹುಳಿಯಾಗುತ್ತದೆ, ಉಪ್ಪಿನದು ನಯ. ನೀರು ತಿಳಿಯಾದಾಗ ಬಟ್ಟೆಗಿಳಿಸಿ ಹಗುರವಾದ ಭಾರ ಇಡಬೇಕು. ಪನೀರಿನ ಅಭ್ಯಾಸದಿಂದ ನಮ್ಮ ಕೈ ಹೆಚ್ಚು ಒತ್ತಲು ಹೋಗುತ್ತದೆ. ಒತ್ತಬಾರದು. ಗಿಣ್ಣಿನ ಹದದಲ್ಲಿ ನಿಲ್ಲಿಸಬೇಕು.

ಮುಂದಿನದೆಲ್ಲ ಹತ್ತು ನಿಮಿಷದ ಕೆಲಸ. ತುಂಡುಗಳನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಐದು ನಿಮಿಷ ಬಿಡಬೇಕು. ಆಗ ಅವು ಒಡೆಯುವುದಿಲ್ಲ, ಒಳಗೂ ಬಿಸಿಯಾಗಿ ರಸ ಹೀರಲು ಸಿದ್ಧವಾಗುತ್ತವೆ. ಬಾಣಲೆಯಲ್ಲಿ ಎಣ್ಣೆಗೆ ಜಿಪುಣತನ ಮಾಡದೆ, ಸಣ್ಣ ಉರಿಯಲ್ಲಿ ಹುದುಗಿದ ಮೆಣಸು-ಅವರೆಯ ಲೇಹವನ್ನು ಎಣ್ಣೆ ಕೆಂಪಾಗುವವರೆಗೆ ಹುರಿಯಬೇಕು. ಈಗ ಅದು ದೊಡ್ಡ ಊರುಗಳಲ್ಲಿ ಸಿಗುತ್ತದೆ. ಮಾಂಸದ ಜಾಗಕ್ಕೆ ನಾವು ಹಾಕುವುದು ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದ ಸೋಯಾ ಚರಟವನ್ನೇ. ಶುಂಠಿ, ಒಂದು ಚಮಚ ಬ್ಯಾಡಗಿ ಪುಡಿ, ಸೋಯಾ ಸಾಸು, ಒಂದು ಬಟ್ಟಲು ನೀರು. ಕುದಿ ಬಂದಾಗ ತೋಫು ಇಳಿಸಿ, ಸೌಟಿನಿಂದ ಕಲಕದೆ ಬಾಣಲೆಯನ್ನೇ ಅಲುಗಿಸಬೇಕು. ಜೋಳದ ಪಿಷ್ಟ ಕದಡಿದ ನೀರನ್ನು ಒಮ್ಮೆಗೇ ಸುರಿಯದೆ ಎರಡು ಮೂರು ಸಲಕ್ಕೆ ಹಾಕಿದರೆ ರಸ ತುಂಡುಗಳಿಗೆ ಅಂಟಿಕೊಳ್ಳುತ್ತದೆ. ಕೊನೆಗೆ, ಹುರಿದು ಪುಡಿಮಾಡಿದ ಜುಮ್ಮನಕಾಯಿಯ ಸಿಪ್ಪೆ. ಒಳಗಿನ ಕಪ್ಪು ಬೀಜವನ್ನು ತೆಗೆದುಬಿಡಬೇಕು, ಅದು ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಜೈನ ನೆರೆಯವರು ಊಟಕ್ಕೆ ಬರುವ ದಿನ ಲೇಹವನ್ನೂ ಮಾಗಿದ ಸಾಸನ್ನೂ ಬಿಟ್ಟು, ಹಸಿ ಶುಂಠಿಗೆ ಬದಲು ಒಣಶುಂಠಿ, ಹುಳಿಗೆ ಕೋಕಂ, ಘಾಟಿಗೆ ಇಂಗು ಹಾಕುತ್ತೇವೆ. ಚೆಂಗ್ಡುವಿನವರು ಇದನ್ನು ಒಪ್ಪಲಾರರು. ಅವರ ಊರಿನ ಭಿಕ್ಷುಗಳು ಇಂಗಿನ ಹೊರತು ಉಳಿದದ್ದನ್ನು ಒಪ್ಪಿಯಾರು.

ಮೊದಲ ಸಲ ಬಡಿಸಿದಾಗ ಪಕ್ಕದ ಮನೆಯ ಹಿರಿಯರು ತಟ್ಟೆ ನೋಡಿ ‘ಆ ಪನೀರ್ ಛೆ?’ ಎಂದು ಕೇಳಿದರು. ಗುಜರಾತಿಯಲ್ಲಿ ‘ಆ’ ಎಂದರೆ ‘ಇದು’. ಅಲ್ಲ ಕಾಕಾ, ಸೋಯಾದ್ದು ಎಂದೆವು. ಅವರು ಒಂದು ತುಂಡು ತಿಂದು, ತುಟಿ ಮುಟ್ಟಿ ನೋಡಿಕೊಂಡು, ಪನೀರಿನ ವಿಷಯ ಬಿಟ್ಟು ಆ ಪುಡಿ ಯಾವ ಅಂಗಡಿಯದೆಂದು ವಿಚಾರಿಸತೊಡಗಿದರು. ಅಂಗಡಿಯದಲ್ಲ, ಊರಿನಿಂದ ತಂದದ್ದು ಎಂದು ಹೇಳಬೇಕಾಯಿತು. ಮಳೆಗಾಲ ಕಳೆದ ಮೇಲೆ ಶಿರಸಿಯ ಕಡೆಯಿಂದ ಬರುವವರ ಚೀಲದಲ್ಲಿ ಈಗ ಒಂದು ಪೊಟ್ಟಣ ಹೆಚ್ಚಾಗಿ ಬರುತ್ತಿದೆ.